1902ರಲ್ಲಿ ವಿಶ್ವೇಶ್ವರಯ್ಯನವರು ಎಲ್ಲಿದ್ದರು? ಒಂದು ಡಿಗ್ರಿ ಕಾಲೇಜಿನ ಲೈಬ್ರರಿ ಪ್ರಕರಣ

ಆ ಹುಡುಗ ಕೌಂಟರ್ ಮುಂದೆ ನಿಂತು, ನೋಟ್‌ಬುಕ್ಕಿನಿಂದ ಹರಿದ ಒಂದು ಚೀಟಿ ಚಾಚಿದ. ಅದರಲ್ಲಿ ಮೂರು ಪುಸ್ತಕಗಳ ಹೆಸರಿತ್ತು. ಬರೆದವರು ಯಾರು, ಪ್ರಕಾಶನ ಯಾವುದು, ಇಸವಿ, ಪುಟ ಸಂಖ್ಯೆ ಎಲ್ಲ ಅಚ್ಚುಕಟ್ಟಾಗಿತ್ತು. ‘ಮೇಡಂ, ಈ ಬುಕ್ಕು ಐತಾ? ಮೇಷ್ಟ್ರು ತಂದು ತೋರ್ಸು ಅಂದವ್ರೆ.’

ಮೊದಲ ವರ್ಷದ ಬಿ.ಎ. ಹುಡುಗ. ಕಾಲೇಜಿಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ನಮ್ಮಲ್ಲಿ ಮಕ್ಕಳು ಬಂದು ‘ಹಿಸ್ಟರಿ ಗೈಡ್ ಕೊಡಿ’, ‘ಹಳೇ ಕ್ವೆಶ್ಚನ್ ಪೇಪರ್ ಕೊಡಿ’ ಅಂತ ಕೇಳುವುದೇ ಜಾಸ್ತಿ. ಪುಟ ಸಂಖ್ಯೆ ಸಮೇತ ಬಂದವನನ್ನು ನೋಡಿ ನನಗೆ ಖುಷಿಯೇ ಆಯಿತು. ಕಂಪ್ಯೂಟರಿನಲ್ಲಿ ಹುಡುಕಿದೆ, ಸಿಗಲಿಲ್ಲ. ಕಪಾಟಿನಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಮೈಸೂರಿನಲ್ಲಿ ದೊಡ್ಡ ಲೈಬ್ರರಿಯೊಂದರಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಅವಳೂ ಹುಡುಕಿ ‘ಇಲ್ಲ ಕಣೇ’ ಅಂದಳು. ಕೊನೆಗೆ ಪ್ರಕಾಶನದ ಹೆಸರನ್ನಷ್ಟೇ ಹುಡುಕಿದೆ. ಆ ಹೆಸರಿನ ಪ್ರಕಾಶನವೇ ಎಲ್ಲೂ ಕಾಣಲಿಲ್ಲ.

‘ಇದನ್ನ ಎಲ್ಲಿಂದ ಬರ್ಕೊಂಡೆಯಪ್ಪಾ?’

‘ಚಾಟ್‌ಜಿಪಿಟಿ ಕೇಳ್ದೆ ಮೇಡಂ. ಅದೇ ಕೊಡ್ತು.’

ಅವನು ಸುಳ್ಳು ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ಇಲ್ಲದ ಪುಸ್ತಕಕ್ಕೆ ಪುಟ ಸಂಖ್ಯೆ ಇರಬಹುದು ಅನ್ನುವುದು ಅವನ ತಲೆಗೇ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ, ಅರ್ಧ ಗಂಟೆ ನನ್ನ ತಲೆಗೂ ಬಂದಿರಲಿಲ್ಲ.

ಇದು ನಡೆದದ್ದು ಮಂಡ್ಯ ಸೀಮೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ. ನಾನು ಅಲ್ಲಿ ಗ್ರಂಥಪಾಲಕಿ. ಮಕ್ಕಳಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ, ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿಯುಸಿವರೆಗೂ ಲೈಬ್ರರಿ ಅಂದರೆ ಬೀಗ ಹಾಕಿದ ಗಾಜಿನ ಬೀರು. ಅದರ ಕೀಲಿ ಯಾರ ಹತ್ತಿರ ಇರುತ್ತಿತ್ತೋ ಅವರಿಗೂ ನೆನಪಿರುವುದಿಲ್ಲ. ಹಾಗೆ ಬಂದವರಿಗೆ ‘ಒಳಗೆ ಹೋಗಿ ನೀವೇ ತಗೊಳ್ಳಿ’ ಅಂದರೆ ಬಾಗಿಲಲ್ಲೇ ನಿಂತುಬಿಡುತ್ತಾರೆ.

ಚರಿತ್ರೆ ಮೇಷ್ಟ್ರು ಇಂಟರ್ನಲ್ಸ್‌ಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ವಿಷಯ ಶಿವನಸಮುದ್ರದ ಜಲವಿದ್ಯುತ್ ಯೋಜನೆ. ಊರಿಗೆ ಹತ್ತಿರದ ವಿಷಯ, ಎಲ್ಲರೂ ಗಗನಚುಕ್ಕಿ ಭರಚುಕ್ಕಿ ನೋಡಿದವರೇ. ನಾಲ್ಕು ಪುಟ ಬರೆಯಬೇಕು, ಕೊನೆಯಲ್ಲಿ ಯಾವ ಪುಸ್ತಕ ನೋಡಿದಿರಿ ಅಂತ ಹೇಳಬೇಕು. ಸೆಪ್ಟೆಂಬರ್ 15ರ ಇಂಜಿನಿಯರ್ಸ್ ಡೇ, ಅಂದರೆ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ಆಸುಪಾಸಿನಲ್ಲೇ ಇದನ್ನು ಕೊಟ್ಟದ್ದರಿಂದ ಇನ್ನೊಂದು ಎಡವಟ್ಟಾಯಿತು. ಅದೇ ಈ ಪ್ರಕರಣದ ತಿರುಳು.

ಮೇಷ್ಟ್ರು ಬರಹಗಳ ಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಹಾಕಿದರು. ‘ನೋಡಿ ಮೇಡಂ, ಓದಿ ಖುಷಿಪಡಿ’ ಅಂದರು. ಮುಕ್ಕಾಲು ಪಾಲು ಮಕ್ಕಳು ಒಂದೇ ಮಾತನ್ನು ಬೇರೆ ಬೇರೆ ಅಕ್ಷರದಲ್ಲಿ ಬರೆದಿದ್ದರು: ಶಿವನಸಮುದ್ರದ ವಿದ್ಯುತ್ ಕೇಂದ್ರವನ್ನು 1902ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದರು, ಅದು ಏಷ್ಯಾದಲ್ಲೇ ಮೊದಲನೆಯದು. ಕೊನೆಯಲ್ಲಿ ನೋಡಿದ ಪುಸ್ತಕ ಅನ್ನುವ ಕಡೆ ಕೆಲವರು ‘ಗೂಗಲ್’ ಅಂತ ಬರೆದಿದ್ದರು. ಕೆಲವರದ್ದು ಆ ಹುಡುಗನ ಹಾಗೆ ಹುಟ್ಟದೇ ಇರುವ ಪುಸ್ತಕಗಳು.

ವಿಶ್ವೇಶ್ವರಯ್ಯನವರ ಮಾತು ತಪ್ಪು. 1902ರಲ್ಲಿ ಅವರು ಮೈಸೂರು ಸಂಸ್ಥಾನದ ನೌಕರಿಯಲ್ಲೇ ಇರಲಿಲ್ಲ. ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ಅವರು ಸ್ವಯಂಚಾಲಿತ ಗೇಟು ಕೂರಿಸಿದ್ದು 1903ರಲ್ಲಿ. ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರ ನವೆಂಬರಿನಲ್ಲಿ, ದಿವಾನರಾದದ್ದು 1912ರಲ್ಲಿ. ಶಿವನಸಮುದ್ರದ ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ್ದು. ಅದರ ಹಿಂದೆ ಓಡಾಡಿದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅನ್ನುವ ರಾಯಲ್ ಇಂಜಿನಿಯರ್ಸ್ ಅಧಿಕಾರಿ. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್.

ಇದನ್ನು ತಿದ್ದಿ ಕೊಡುವುದು ಹತ್ತು ನಿಮಿಷದ ಕೆಲಸ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರೆ ಮುಗಿಯಿತು. ಆದರೆ ಅವರು ಹಾಗೆ ಮಾಡಲಿಲ್ಲ, ‘ನಿಮ್ಮ ಲೈಬ್ರರಿಯಲ್ಲಿ ಇವರಿಗೆ ಏನಾದ್ರೂ ಹೇಳಿಕೊಡಿ’ ಅಂದರು.

ನಾನು ಮೊದಲು ಮಾಡಿದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಕೆಟ್ಟಿತು. ಸೆಮಿನಾರ್ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಪಿಪಿಟಿ ಹಾಕಿದೆ. ಮೊದಲಿಗೆ ನಮ್ಮ ಗ್ರಂಥಾಲಯ ವಿಜ್ಞಾನದ ಹಿರಿಯರಾದ ರಂಗನಾಥನ್ ಅವರ ಫೋಟೋ, 1931ರ ಐದು ಸೂತ್ರಗಳು. ಆಮೇಲೆ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ, ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಕೊಡುವ ಅದರ ಎನ್-ಲಿಸ್ಟ್. ಆಮೇಲೆ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ. ಆಮೇಲೆ ಐಐಟಿ ಖರಗ್‌ಪುರದವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ. ಕೊನೆಗೆ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಸರ್ಕಾರಿ ಸಂಸ್ಥೆಗಳಿಗೆ ಸಂಶೋಧನಾ ಜರ್ನಲ್ ಓದಲು ಕೊಡುವ ‘ಒಂದು ದೇಶ ಒಂದು ಚಂದಾ’ ಯೋಜನೆ: 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಈ ಅಂಕಿ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು ಅಂತ ಕಾಣುತ್ತದೆ. ಹಿಂದಿನ ಬೆಂಚಿನ ಇಬ್ಬರು ಆಗಲೇ ನಿದ್ದೆಗೆ ಜಾರಿದ್ದರು.

‘ಈಗ ಎಲ್ಲರೂ ಇಮೇಲ್ ತೆಗೀರಿ, ಎನ್-ಲಿಸ್ಟ್ ಪಾಸ್‌ವರ್ಡ್ ಬರುತ್ತೆ’ ಅಂದೆ. ಅಲ್ಲಿಗೆ ಕ್ಲಾಸು ನಿಂತುಹೋಯಿತು. ಎಲ್ಲರ ಕೈಯಲ್ಲೂ ಫೋನಿದೆ, ಫೋನಿನಲ್ಲಿ ಜಿಮೇಲ್ ಕೂಡ ಇದೆ. ಆದರೆ ಅದನ್ನು ತೆರೆದವರು ಮೊಬೈಲ್ ಅಂಗಡಿಯವರು. ಒಬ್ಬಳ ಫೋನಿನಲ್ಲಿ ಅವಳ ಅಣ್ಣನ ಹೆಸರಿನ ಖಾತೆ. ಇನ್ನೊಬ್ಬನದ್ದು ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಕಲಸಿಟ್ಟ ಮುದ್ದೆ, ಅದನ್ನು ಹೇಳಲು ಅವನಿಗೇ ಬರುತ್ತಿರಲಿಲ್ಲ. ಪಾಸ್‌ವರ್ಡ್ ಬಹಳ ಜನಕ್ಕೆ ಗೊತ್ತಿಲ್ಲ. ಅಂತೂ ಒಳಗೆ ಹೋದ ನಾಲ್ಕಾರು ಮಂದಿ ಶಿವನಸಮುದ್ರ ಅಂತ ಟೈಪ್ ಮಾಡಿದರೆ ಬಂದದ್ದು ಕಾವೇರಿ ಮೀನುಗಳ ಬಗ್ಗೆ, ನೀರಿನ ಗುಣಮಟ್ಟದ ಬಗ್ಗೆ ಇಂಗ್ಲಿಷ್ ಸಂಶೋಧನಾ ಲೇಖನಗಳು. ಮೊದಲ ವರ್ಷದ ಮಕ್ಕಳು ಅದನ್ನು ಇಟ್ಟುಕೊಂಡು ಏನು ಮಾಡಬೇಕು?

ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಯೋಚಿಸಿದೆ. ನಾನು ಅವರಿಗೆ ಅಂಗಡಿ ತೋರಿಸಿದ್ದೆ, ಅವರಿಗೆ ಏನು ಬೇಕು ಅಂತ ಕೇಳಿರಲಿಲ್ಲ. ಕೇಳಿದ್ದರೂ ಏನೂ ಬೇಡ ಅನ್ನುತ್ತಿದ್ದರೇನೋ, ಯಾಕೆಂದರೆ ಅವರ ಲೆಕ್ಕದಲ್ಲಿ ಅಸೈನ್‌ಮೆಂಟ್ ಮುಗಿದಿತ್ತು. ಉತ್ತರ ಸಿಕ್ಕಿದೆ ಅಂದುಕೊಂಡವರಿಗೆ ಹುಡುಕುವ ದಾರಿ ಹೇಳಿಕೊಟ್ಟು ಏನು ಪ್ರಯೋಜನ? ಮೊದಲು ಆ ಉತ್ತರ ಅಲುಗಾಡಬೇಕು.

ನಮ್ಮ ವೃತ್ತಿಯ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ಮಾಹಿತಿ ಸಾಕ್ಷರತೆ ಅನ್ನುವ ಮಾತನ್ನು 1974ರಲ್ಲೇ ಅಮೆರಿಕದ ಪಾಲ್ ಜುರ್ಕೋವ್ಸ್ಕಿ ಬಳಸಿದ್ದರು. ಅಲ್ಲಿನ ಕಾಲೇಜು ಲೈಬ್ರರಿಗಳ ಸಂಘ 2000ದಲ್ಲಿ ಒಂದು ಮಾನದಂಡ ತಂದು, ಹದಿನೈದು ವರ್ಷ ಆದಮೇಲೆ ಅದನ್ನು ಬಿಟ್ಟು ಬೇರೆ ಚೌಕಟ್ಟು ಹಾಕಿಕೊಂಡಿತು. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿದವಳು ನಾನು. ಆದರೆ ನನಗೆ ಕೆಲಸಕ್ಕೆ ಬಂದದ್ದು ಬೇರೆ. 2017ರಲ್ಲಿ ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 10 ಇತಿಹಾಸಕಾರರು, ಸುದ್ದಿ ನಿಜವೋ ಸುಳ್ಳೋ ಅಂತ ತಾಳೆ ನೋಡುವ 10 ಫ್ಯಾಕ್ಟ್‌ಚೆಕರ್‌ಗಳು ಮತ್ತು 25 ವಿದ್ಯಾರ್ಥಿಗಳನ್ನು ಕೂರಿಸಿ, ವೆಬ್‌ಸೈಟುಗಳನ್ನು ಅವರು ಹೇಗೆ ಅಳೆಯುತ್ತಾರೆ ಅಂತ ನೋಡಿದ್ದರು. ಇತಿಹಾಸಕಾರರೂ ಹುಡುಗರ ಹಾಗೇ ಅದೇ ಪುಟದ ಮೇಲೆ ಕೆಳಗೆ ಓದುತ್ತಾ ಕೂತು ಮೋಸ ಹೋದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಆ ಪುಟ ಬಿಟ್ಟು ಹೊರಗೆ ಬಂದು, ಇದನ್ನು ಹೇಳುತ್ತಿರುವವರು ಯಾರು ಅಂತ ಬೇರೆ ಕಡೆ ವಿಚಾರಿಸಿದರು. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯವರನ್ನೇ ‘ನೀವು ಹೇಗೆ’ ಅಂತ ಯಾರೂ ಕೇಳಲ್ಲ, ಪಕ್ಕದ ಬೀದಿಯಲ್ಲಿ ಕೇಳ್ತಾರೆ, ಅಲ್ವಾ? ಮಕ್ಕಳಿಗೆ ಹೀಗೇ ಹೇಳಿದೆ. ತಕ್ಷಣ ಅರ್ಥವಾಯಿತು. ಇತಿಹಾಸಕಾರರೂ ಮೋಸ ಹೋದ ವಿಷಯ ಮಾತ್ರ ನಮ್ಮ ಮೇಷ್ಟ್ರಿಗೆ ಅಷ್ಟು ಹಿಡಿಸಲಿಲ್ಲ.

ಎರಡನೇ ಸಲ ಪಿಪಿಟಿ ಇಲ್ಲ, ಸೆಮಿನಾರ್ ಹಾಲ್ ಇಲ್ಲ. ಓದುವ ಕೋಣೆಯಲ್ಲಿ ಹಿಡಿಸುವಷ್ಟು ಜನರಂತೆ ಮೂರು ತಂಡ ಮಾಡಿದೆ. ಮೇಜಿನ ಮೇಲೆ ಕೆಲವು ಪುಸ್ತಕ ಇಟ್ಟೆ: ಲೂಯಿ ರೈಸ್ ಅವರ ಮೈಸೂರು ಗ್ಯಾಸೆಟಿಯರ್ (ಗ್ಯಾಸೆಟಿಯರ್ ಅಂದರೆ ಒಂದು ಸೀಮೆಯ ಊರು, ಚರಿತ್ರೆಗಳ ವಿವರ ಇರುವ ಪುಸ್ತಕ), ಹಯವದನ ರಾವ್ ಅವರ ಮೈಸೂರು ಗ್ಯಾಸೆಟಿಯರ್, ವಿಶ್ವೇಶ್ವರಯ್ಯನವರೇ ಬರೆದು 1951ರಲ್ಲಿ ಅಚ್ಚಾದ ಇಂಗ್ಲಿಷ್ ನೆನಪಿನ ಪುಸ್ತಕ, ಮಂಡ್ಯ ಜಿಲ್ಲಾ ಗ್ಯಾಸೆಟಿಯರ್, ಜೊತೆಗೆ ಒಂದೆರಡು ಕನ್ನಡ ಇತಿಹಾಸ ಪುಸ್ತಕ. ಅವರ ಬರಹ ತಪ್ಪು ಅಂತ ಹೇಳಲಿಲ್ಲ. ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದೆ: 1902ರಲ್ಲಿ ವಿಶ್ವೇಶ್ವರಯ್ಯನವರು ಎಲ್ಲಿದ್ದರು?

ಮೊದಲಿಗೆ ನಗು. ‘ಇಲ್ಲೇ ಇದ್ರು ಮೇಡಂ, ಡ್ಯಾಮ್ ಕಟ್ತಾ ಇದ್ರು.’ ಹಾಗಾದರೆ ತೋರಿಸಿ ಅಂದೆ.

ರೈಸ್ ಗ್ಯಾಸೆಟಿಯರ್ ಸಿಕ್ಕಿದ ಗುಂಪಿನದ್ದು ಸ್ವಾರಸ್ಯದ ಕಥೆ. ಅದರಲ್ಲಿ ಜಲಪಾತದ ವರ್ಣನೆ ಇದೆ, ದ್ವೀಪದ ಕಥೆ ಇದೆ, ವಿದ್ಯುತ್ತಿನ ಸುದ್ದಿಯೇ ಇಲ್ಲ. ಒಬ್ಬ ಎದ್ದು ನಿಂತು ‘ಮೇಡಂ, ಈ ಬುಕ್ಕಲ್ಲಿ ಬೇಕಂತ್ಲೇ ಬಿಟ್ಟವ್ರೆ’ ಅಂದ. ಯಾವ ವರ್ಷದ ಪುಸ್ತಕ ಅಂತ ಕೇಳಿದೆ. ಮೊದಲ ಪುಟ ನೋಡಿ ಈಚಿನ ಒಂದು ಇಸವಿ ಹೇಳಿದ. ಹಾಳೆ ತಿರುಗಿಸು ಅಂದೆ. ಇನ್ನೊಂದು, ಇನ್ನೊಂದು. ಆಮೇಲೆ ಹಳೇ ಅಚ್ಚಿನ ಪುಟ ಬಂತು, ಅಲ್ಲಿ 1897. ನಮ್ಮಲ್ಲಿರುವುದು ಮರುಮುದ್ರಣ. ಕರೆಂಟ್ ಬರುವ ಐದು ವರ್ಷ ಮುಂಚೆ ಬರೆದ ಪುಸ್ತಕದಲ್ಲಿ ಕರೆಂಟ್ ಹೇಗೆ ಇರುತ್ತದೆ? ಅವನು ಸ್ವಲ್ಪ ಹೊತ್ತು ಎರಡೂ ಪುಟಗಳ ನಡುವೆ ಬೆರಳಿಟ್ಟು ಹಿಂದೆ ಮುಂದೆ ಮಾಡಿದ. ಆಮೇಲೆ ಪಕ್ಕದವನಿಗೆ ತೋರಿಸಿದ. ಪುಸ್ತಕಕ್ಕೆ ಎರಡು ವಯಸ್ಸಿರುತ್ತದೆ ಅಂತ ನಾನು ಭಾಷಣ ಮಾಡಿದ್ದರೆ ಆ ಬೆರಳು ಹಾಗೆ ಆಡುತ್ತಿರಲಿಲ್ಲ.

ಹಯವದನ ರಾವ್ ಅವರ ಸಂಪುಟಗಳು 1927ರಿಂದ 1930ರ ನಡುವೆ ಬಂದವು, ಹಾಗಾಗಿ ಅದರಲ್ಲಿ ವಿದ್ಯುತ್ತಿನ ವಿಷಯ ಇದೆ. ಆದರೆ ಇಂಡೆಕ್ಸಿನಲ್ಲಿ ಅವರು ‘ಎಸ್‌ಎಚ್’ ಅಡಿಯಲ್ಲಿ ಶಿವನಸಮುದ್ರ ಹುಡುಕಿ ಸಿಗದೆ ಕೈಚೆಲ್ಲಿದರು. ಇದು ನಮ್ಮ ಕಡೆಯ ದೊಡ್ಡ ತೊಡಕು. ಹಳೇ ಇಂಗ್ಲಿಷ್ ದಾಖಲೆಗಳಲ್ಲಿ ಊರು ಸಾಮಾನ್ಯವಾಗಿ ‘ಸಿವಸಮುದ್ರಂ’, ಯೋಜನೆ ‘ಕಾವೇರಿ ಪವರ್ ಸ್ಕೀಮ್’. ಊರಿನ ಜನ ಕರೆಯುವುದು ‘ಬ್ಲಫ್’. ಈಗಿನ ಕಾಗುಣಿತದಲ್ಲಿ ಹುಡುಕಿದರೆ ಬರುವುದು ಬರೀ ಟೂರಿಸಂ ಪುಟ ಮತ್ತು ಸೆಲ್ಫಿ. ಹಳೇ ಹೆಸರಿನಲ್ಲಿ ಹುಡುಕಿದಾಗ ಅದೇ ಫೋನಿನಲ್ಲಿ ಇಂಟರ್ನೆಟ್ ಆರ್ಕೈವಿನ ಸ್ಕ್ಯಾನ್ ಪುಸ್ತಕಗಳು ತೆರೆದುಕೊಂಡವು. ಪಾಸ್‌ವರ್ಡ್ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಇಡೀ ತರಗತಿಯಲ್ಲಿ ಅವರಿಗೆ ಜಾದೂ ಅನ್ನಿಸಿದ್ದು ಇದೊಂದೇ. ಕಾಗದದ ಮೇಲೆ ಪ್ರತಿ ಗುಂಪೂ ಒಂದು ಊರಿನ ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯಬಹುದು ಅಂತ ಪಟ್ಟಿ ಮಾಡಿತು. ಶ್ರೀರಂಗಪಟ್ಟಣಕ್ಕೆ ‘ಸೆರಿಂಗಪಟಂ’ ಅಂತ ಬರೆದವನಿಗೆ ಚಪ್ಪಾಳೆ.

ಇದೇ ಹೊತ್ತಿಗೆ ನನ್ನ ಬಂಡವಾಳವೂ ಬಯಲಾಯಿತು. ಒಬ್ಬಳು ನಮ್ಮ ಇ-ಗ್ರಂಥಾಲಯ ಸಾಫ್ಟ್‌ವೇರಿನಲ್ಲಿ ಕನ್ನಡದಲ್ಲಿ ‘ವಿಶ್ವೇಶ್ವರಯ್ಯ’ ಅಂತ ಟೈಪ್ ಮಾಡಿದಳು. ಸೊನ್ನೆ ಪುಸ್ತಕ. ಅವಳ ಹಿಂದಿನ ಕಪಾಟಿನಲ್ಲೇ ಅವರ ಬಗ್ಗೆ ಅರ್ಧ ಸಾಲು ಪುಸ್ತಕ ಇತ್ತು. ಕಾರಣ ಏನೆಂದರೆ, ವರ್ಷಗಳ ಹಿಂದೆ ಡೇಟಾ ಎಂಟ್ರಿ ಮಾಡಿಸಿದಾಗ ಕನ್ನಡ ಪುಸ್ತಕಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಸಿದ್ದೆವು. ಅದೂ ಒಂದೇ ಕಾಗುಣಿತ ಅಲ್ಲ. ಅವರ ಹೆಸರಿಗೇ ಮೂರು ಥರ: ಒಂದು ಕಡೆ ‘ವಿ’, ಇನ್ನೊಂದು ಕಡೆ ‘ಡಬ್ಲ್ಯೂ’, ಕೊನೆಗೊಮ್ಮೆ ‘ಎಚ್’, ಒಮ್ಮೆ ಅದೂ ಇಲ್ಲ. ‘ಮೇಡಂ, ನೀವೇ ತಪ್ಪು ಹಾಕಿದ್ದೀರಲ್ಲ’ ಅಂದಳು. ಹೌದಮ್ಮ, ಅಂದೆ. ಮಕ್ಕಳಿಗೆ ಹುಡುಕಲು ಬರುವುದಿಲ್ಲ ಅಂತ ನಾವು ಮೀಟಿಂಗುಗಳಲ್ಲಿ ಗೊಣಗುತ್ತೇವೆ. ಹುಡುಕಿದರೆ ಸಿಗದ ಹಾಗೆ ಇಟ್ಟವರು ನಾವು. ಪುಸ್ತಕದ ಬೆನ್ನ ಮೇಲೆ 894.814 ಅಂದರೆ ಕನ್ನಡ ಸಾಹಿತ್ಯ, 954.87 ಅಂದರೆ ಕರ್ನಾಟಕದ ಇತಿಹಾಸ ಅಂತ ಅವತ್ತು ಹೇಳಿಕೊಟ್ಟೆ. ಕಂಪ್ಯೂಟರಿಗಿಂತ ಕಪಾಟೇ ನಂಬಿಕೆಗೆ ಹತ್ತಿರ ಅಂತ ಅವರಿಗೆ ಅನ್ನಿಸಿದ್ದರೆ ತಪ್ಪು ಅವರದ್ದಲ್ಲ.

ವಿಶ್ವೇಶ್ವರಯ್ಯನವರ ಪುಸ್ತಕ ಇಂಗ್ಲಿಷಿನಲ್ಲಿ ಇದೆ ಅಂತ ಮೊದಲು ಯಾರೂ ಮುಟ್ಟಲಿಲ್ಲ. ‘ಓದೋದು ಬೇಡ, 1909 ಅನ್ನೋ ಅಂಕಿ ಎಲ್ಲಿದೆ ಹುಡುಕಿ’ ಅಂದೆ. ಅಂಕಿಗೆ ಭಾಷೆ ಇಲ್ಲವಲ್ಲ. ಸಿಕ್ಕಿತು. ಸುತ್ತಲಿನ ನಾಲ್ಕು ಸಾಲನ್ನು ಅಕ್ಷರ ಕೂಡಿಸಿ ಓದಿದರು. ಕೋಣೆಯಲ್ಲಿ ಒಂಥರಾ ಮೌನ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಮಂಡ್ಯದ ಮಕ್ಕಳಿಗೆ ವಿಶ್ವೇಶ್ವರಯ್ಯ ಅಂದರೆ ಸುಮ್ನೆ ಒಂದು ಹೆಸರಲ್ಲ, ಗದ್ದೆಗೆ ಬರುವ ನೀರು. ಅವರ ಮನೆಗಳ ಗೋಡೆಯ ಮೇಲೆ ದೇವರ ಫೋಟೋ ಪಕ್ಕ ಇರುವವರು. ಅವರ ಹೆಸರು ತೆಗೆದುಬಿಟ್ಟರೆ ಏನೋ ದ್ರೋಹ ಮಾಡಿದ ಹಾಗೆ ಅನ್ನಿಸಿದ್ದು ಸಹಜ.

ಒಬ್ಬ ಹುಡುಗ ಇನ್ನೊಂದು ತುದಿಗೆ ಹೋದ. ‘ಹಂಗಾದ್ರೆ ಅವ್ರು ಏನೂ ಮಾಡಿಲ್ವಾ? ಎಲ್ಲಾ ಬಿಲ್ಡಪ್ಪಾ?’ ಇದಕ್ಕೆ ನಾನು ತಯಾರಿರಲಿಲ್ಲ. ಅನುಮಾನ ಕಲಿಸಲು ಹೊರಟರೆ ಅದು ಎಲ್ಲಿ ನಿಲ್ಲಬೇಕು ಅಂತಲೂ ಹೇಳಬೇಕಾಗುತ್ತದೆ. ಅದೃಷ್ಟಕ್ಕೆ ಮೇಷ್ಟ್ರು ಅಲ್ಲೇ ಇದ್ದರು. ತಪ್ಪು ಹುಟ್ಟಿದ ಜಾಗವನ್ನು ಅವರು ತೋರಿಸಿದರು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದಲ್ಲಿ ಕರೆಂಟೂ ಸೊರಗುತ್ತಿತ್ತು. ಗಣಿಯವರಿಗೆ ವರ್ಷವಿಡೀ ಕರೆಂಟ್ ಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕಟ್ಟಲು ಶುರುವಾದಾಗ, ನೀರಾವರಿಯ ಜೊತೆಗೆ ಈ ವಿದ್ಯುತ್ತಿಗೆ ನೀರು ನಿಲ್ಲಿಸುವುದೂ ಒಂದು ದೊಡ್ಡ ಕಾರಣ. ಅದರ ಚೀಫ್ ಇಂಜಿನಿಯರ್ ವಿಶ್ವೇಶ್ವರಯ್ಯ. ಹೀಗೆ ಎರಡು ಕಥೆ ಜನರ ಬಾಯಲ್ಲಿ ಒಂದಾಗಿಬಿಟ್ಟಿವೆ. ವಾಟ್ಸ್ಆ್ಯಪ್ಪು ಬರುವ ಮುಂಚೆಯೇ ಆಗಿರಬೇಕು. ಯಾರೋ ಕೂತು ಹೆಣೆದ ಸುಳ್ಳು ಇದಲ್ಲ. ಇಂಥ ತಪ್ಪೇ ಹಿಡಿಯಲು ಕಷ್ಟ, ಯಾಕೆಂದರೆ ಪ್ರೀತಿಯಿಂದ ಹುಟ್ಟಿದ್ದು.

‘ಏಷ್ಯಾದಲ್ಲೇ ಮೊದಲು’ ಅನ್ನುವ ಮಾತಿಗೆ ಬಂದೆವು. ಡಾರ್ಜಿಲಿಂಗ್ ಹತ್ತಿರ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ 130 ಕಿಲೋವ್ಯಾಟಿನ ಪುಟ್ಟ ಜಲವಿದ್ಯುತ್ ಕೇಂದ್ರ ಇತ್ತು. ಅಲ್ಲಿಗೆ ಏಷ್ಯಾ ಹೋಯಿತು, ಭಾರತವೂ ಹೋಯಿತು. ಇದರ ಜೊತೆಗೇ ಬರುವ ಇನ್ನೊಂದು ಮಾತು, 1905ರ ಆಗಸ್ಟ್ 5ರಂದು ಬೆಂಗಳೂರು ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ನಗರ ಅನ್ನುವುದು. ದಿನ ಸರಿ, ‘ಮೊದಲು’ ತಪ್ಪು. ಕಲ್ಕತ್ತದಲ್ಲಿ 1899ರಲ್ಲೇ ಕಂಪನಿ ಕರೆಂಟ್ ಕೊಡುತ್ತಿತ್ತು. ‘ಇದ್ದ ಒಂದು ಹೆಮ್ಮೆನೂ ಕಿತ್ಕೊಂಡ್ರಲ್ಲ ಮೇಡಂ’ ಅಂತ ಒಬ್ಬಳು ನಿಜವಾಗಿಯೂ ಬೇಜಾರು ಮಾಡಿಕೊಂಡಳು. ಹಾಗಾದರೆ ಏನು ಹೇಳಿದರೆ ಸರಿ ಅಂತ ಎಲ್ಲ ಸೇರಿ ವಾಕ್ಯ ಕಟ್ಟಿದರು. ಮೂರು ಸಲ ಅಳಿಸಿ ಕೊನೆಗೆ ನಿಂತದ್ದು ಇದು: ‘ಆ ಕಾಲಕ್ಕೆ ಜಗತ್ತಿನಲ್ಲೇ ಬಹಳ ದೂರಕ್ಕೆ ವಿದ್ಯುತ್ ಸಾಗಿಸಿದ ಮಾರ್ಗಗಳಲ್ಲಿ ಶಿವನಸಮುದ್ರ–ಕೋಲಾರ ಒಂದು.’ ಬೇಜಾರಾದವಳೇ ಇದನ್ನು ಬೋರ್ಡಿನ ಮೇಲೆ ಬರೆದದ್ದು.

ನಾನು ಮಾತ್ರ ಮರೆಯದೇ ಇರುವುದು ಮೂರನೇ ತಂಡದ ಒಬ್ಬಳನ್ನು. ಮೂಲೆಯಲ್ಲಿ ಕೂತು, ತನ್ನ ಗುಂಪಿನವರ ಜೊತೆಗೂ ಹೆಚ್ಚು ಮಾತಾಡದೆ, ಅರಸರ ಪಟ್ಟಿ ನೋಡುತ್ತಿದ್ದಳು. ಎಲ್ಲ ಬರಹಗಳಲ್ಲೂ ‘ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ’ ಅಂತ ಇತ್ತು. ಮೇಷ್ಟ್ರೂ ಅದಕ್ಕೆ ಟಿಕ್ ಹಾಕಿದ್ದರು. ಅವಳು ಬಂದು ಮೆಲ್ಲಗೆ ಕೇಳಿದಳು: ‘ಮೇಡಂ, ಇಲ್ಲಿ ನಾಲ್ವಡಿಯವ್ರಿಗೆ ಅಧಿಕಾರ ಬಂದಿದ್ದು 1902 ಆಗಸ್ಟ್ 8 ಅಂತ ಐತೆ. ಕರೆಂಟ್ ಬಂದಿದ್ದು ಜೂನ್ 30. ಹಂಗಾದ್ರೆ ಆವತ್ತು ಆಳ್ತಾ ಇದ್ದವ್ರು ಯಾರು?’

ಆವತ್ತು ಆಳುತ್ತಿದ್ದವರು ಅವರ ತಾಯಿ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. ಗಂಡ ತೀರಿಕೊಂಡ ಮೇಲೆ, ಮಗ ಚಿಕ್ಕವನಿದ್ದಾಗ, 1895ರಿಂದ 1902ರವರೆಗೆ ರೀಜೆಂಟ್ ಆಗಿದ್ದವರು. ಒಪ್ಪಂದ, ಕಾಮಗಾರಿ ಎಲ್ಲ ಅವರ ಕಾಲದಲ್ಲೇ ನಡೆದದ್ದು. ಶೇಷಾದ್ರಿ ಅಯ್ಯರ್ 1901ರಲ್ಲಿ ಹುದ್ದೆ ಬಿಟ್ಟು ಅದೇ ವರ್ಷ ತೀರಿಕೊಂಡರು, ದೀಪ ಹತ್ತಿದ್ದನ್ನು ನೋಡಲಿಲ್ಲ. ಇಡೀ ಕಟ್ಟಿನಲ್ಲಿ ಒಂದೇ ಒಂದು ಬರಹದಲ್ಲೂ ಆ ಮಹಾರಾಣಿಯ ಹೆಸರಿರಲಿಲ್ಲ. ಮೇಷ್ಟ್ರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ‘ಇದು ನಂಗೂ ಹೊಳೀಲಿಲ್ಲ ಕಣಮ್ಮ’ ಅಂದರು. ಅವಳು ನಾಚಿಕೊಂಡು ತನ್ನ ಮೂಲೆಗೆ ಹೋಗಿ ಕೂತಳು. ಎರಡು ತಾರೀಕು ಅಕ್ಕಪಕ್ಕ ಇಟ್ಟದ್ದು ಬಿಟ್ಟರೆ ಅವಳು ಬೇರೇನೂ ಮಾಡಿರಲಿಲ್ಲ.

ಚಾಟ್‌ಜಿಪಿಟಿ ಬಳಸಬೇಡಿ ಅಂತ ನಾನು ಹೇಳಲಿಲ್ಲ. ಹೇಳಿದರೆ ಕೇಳುವವರು ಯಾರು? ಚೀಟಿ ತಂದ ಹುಡುಗನನ್ನೇ ಕೂರಿಸಿಕೊಂಡು, ಎಲ್ಲರ ಮುಂದೆ ಅದನ್ನೇ ಕೇಳಿದೆವು: ಈ ಮೂರು ಪುಸ್ತಕ ಎಲ್ಲಿ ಸಿಗುತ್ತವೆ? ಅದು ಕ್ಷಮೆ ಕೇಳಿ, ಬೇರೆ ಮೂರು ಕೊಟ್ಟಿತು. ಅದರಲ್ಲಿ ಒಂದು ನಿಜವಾಗಿ ಇತ್ತು, ಎರಡು ಇರಲಿಲ್ಲ. ಅದಕ್ಕೆ ಗೊತ್ತಿರುವುದು ಪುಸ್ತಕ ಅಲ್ಲ, ಪುಸ್ತಕದ ಹೆಸರು ಸಾಮಾನ್ಯವಾಗಿ ಹೇಗಿರುತ್ತದೆ ಅನ್ನುವುದು. ಮಾತಿನ ಮುಂದೆ ಯಾವ ಮಾತು ಬರಬಹುದು ಅಂತ ಅಂದಾಜು ಮಾಡುತ್ತದೆ. ‘ನಮ್ ಚಿಕ್ಕಪ್ಪನ ಥರ’ ಅಂದ ಒಬ್ಬ. ಯಾವ ಊರಿನ ದಾರಿ ಕೇಳಿದರೂ ಗೊತ್ತಿಲ್ಲ ಅನ್ನುವುದೇ ಇಲ್ಲವಂತೆ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಮೇಷ್ಟ್ರು ಬರಹ ವಾಪಸ್ ಕೊಟ್ಟು ಮತ್ತೆ ಬರೆಸಿದರು. ಉದ್ದ ಕಡಿಮೆ, ಎರಡೇ ಪುಟ. ಆದರೆ ಒಂದು ಹೊಸ ಷರತ್ತು. ಬರಹದಲ್ಲಿನ ಒಂದು ಮಾತನ್ನು ಆರಿಸಿ, ಅದು ಎಲ್ಲಿ ಸಿಕ್ಕಿತು, ಆ ಪುಸ್ತಕ ಅಥವಾ ಪುಟ ಯಾವ ವರ್ಷದ್ದು, ಇನ್ನೆಲ್ಲಿ ತಾಳೆ ನೋಡಿದಿರಿ ಅಂತ ಕೆಳಗೆ ಮೂರು ಸಾಲು ಬರೆಯಬೇಕು. ಅಂಕ ಆ ಮೂರು ಸಾಲಿಗೇ ಜಾಸ್ತಿ.

ಫಲ ಮಿಶ್ರ. ವಿಶ್ವೇಶ್ವರಯ್ಯನವರ ತಪ್ಪು ಬಹುತೇಕ ಹೋಯಿತು, ಅದು ಹೋಗಲೇಬೇಕಿತ್ತು, ಅಷ್ಟು ಕೂಗಾಡಿದ್ದೆವು. ಇಲ್ಲದ ಪುಸ್ತಕಗಳೂ ಹೋದವು. ಮಹಾರಾಣಿಯ ಹೆಸರು ಹಲವರ ಬರಹದಲ್ಲಿ ಬಂತು. ಆದರೆ ಮೂರು ಸಾಲಿನ ಕಡೆ ಬಹಳ ಜನ ಒಬ್ಬರದ್ದನ್ನು ಒಬ್ಬರು ನೋಡಿ ಬರೆದಿದ್ದರು. ಒಬ್ಬ ‘ಎಲ್ಲಿ ಸಿಕ್ಕಿತು’ ಅನ್ನುವಲ್ಲಿ ‘ಲೈಬ್ರರಿ ಮೇಡಂ’ ಅಂತ ಬರೆದು, ‘ಯಾವ ವರ್ಷದ್ದು’ ಅನ್ನುವಲ್ಲಿ ಏನೂ ಬರೆಯದೆ ಬಿಟ್ಟಿದ್ದ. ಮರ್ಯಾದೆಯ ಹುಡುಗ.

ಇದೇ ಉತ್ಸಾಹದಲ್ಲಿ ಬಿ.ಕಾಂ. ಮೊದಲ ವರ್ಷದವರಿಗೆ ಜಿಎಸ್‌ಟಿ ಮೇಲೆ ಇದೇ ಪಾಠ ಮಾಡಲು ಹೋಗಿ ಸೋತೆ. ಕಾರಣ ಸರಳ. ಅವರ ಹತ್ತಿರ ಪ್ರೀತಿಯಿಂದ ನಂಬಿದ ತಪ್ಪು ವಾಕ್ಯ ಯಾವುದೂ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಸರ್ಕಾರಿ ಅಧಿಸೂಚನೆ ಹುಡುಕುವುದನ್ನು ತೋರಿಸಿದೆ, ತಲೆಯಾಡಿಸಿದರು, ಎದ್ದು ಹೋದರು. ಆ ವಿಭಾಗದ ಮೇಷ್ಟ್ರೂ ಕ್ಲಾಸಿಗೆ ಬಂದಿರಲಿಲ್ಲ. ವಿಷಯ ಗೊತ್ತಿರುವವರು ಪಕ್ಕದಲ್ಲಿ ನಿಲ್ಲದೆ ಲೈಬ್ರರಿಯವರು ಒಬ್ಬರೇ ಇದನ್ನು ಮಾಡಲಾಗುವುದಿಲ್ಲ ಅಂತ ಈಗ ನನಗೆ ಖಾತ್ರಿ.

ಎನ್-ಲಿಸ್ಟ್ ನೋಂದಣಿಯನ್ನು ನಾನು ಎರಡನೇ ವರ್ಷಕ್ಕೆ ತಳ್ಳಿದ್ದೇನೆ. ಮೊದಲ ವರ್ಷದಲ್ಲಿ ಇಮೇಲ್ ತೆರೆದು ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ವರದಿಯಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬಳಕೆಯ ಅಂಕಿ ಕೇಳುತ್ತಾರೆ. ಕೇಳಲಿ. ಕನ್ನಡ ಪುಸ್ತಕಗಳ ಹೆಸರನ್ನು ಕನ್ನಡದಲ್ಲೇ ಮತ್ತೆ ಹಾಕುವ ಕೆಲಸ ನಿಧಾನಕ್ಕೆ ನಡೆದಿದೆ. ‘ನೀವೇ ತಪ್ಪು ಹಾಕಿದ್ದೀರಲ್ಲ’ ಅಂದವಳು ಮಧ್ಯಾಹ್ನದ ಬಸ್ಸಿಗೆ ಕಾಯುವಾಗ ಬಂದು ಟೈಪ್ ಮಾಡಿಕೊಡುತ್ತಾಳೆ. ಈಗ ‘ವಿ’ ಅಕ್ಷರದಲ್ಲಿದ್ದಾಳೆ.

ಚೀಟಿಯ ಹುಡುಗ ಕಳೆದ ವಾರ ಮತ್ತೆ ಬಂದಿದ್ದ. ಇನ್ನೊಂದು ಚೀಟಿ, ಈ ಸಲ ಒಂದೇ ಪುಸ್ತಕ. ಕೊಡುವ ಮುಂಚೆಯೇ ‘ಇದು ಐತೆ ಮೇಡಂ, ನೋಡ್ಕೊಂಡೇ ಬಂದೆ’ ಅಂದ. ಹಯವದನ ರಾವ್ ಸಂಪುಟ. ಅದು ರೆಫರೆನ್ಸ್, ಮನೆಗೆ ಕೊಡುವ ಹಾಗಿಲ್ಲ, ಇಲ್ಲೇ ಓದು ಅಂದೆ. ಕೂತು ಓದಿದ. ವಾಪಸ್ ತಂದಾಗ ಬೆನ್ನಿನ ಪಟ್ಟಿ ಕಿತ್ತು ಅವನ ಕೈಯಲ್ಲಿತ್ತು. ‘ನಾನ್ ಕಿತ್ತಿಲ್ಲ ಮೇಡಂ, ಮೊದ್ಲೇ ಹಿಂಗಿತ್ತು.’ ಇಷ್ಟು ವರ್ಷ ಯಾರೂ ತೆರೆಯದೆ ಗಟ್ಟಿಯಾಗಿದ್ದ ಪುಸ್ತಕ, ಒಂದೇ ಸೆಮಿಸ್ಟರಿಗೆ ಹೊಲಿಗೆ ಬಿಟ್ಟಿತ್ತು. ಬೈಂಡಿಂಗಿಗೆ ಅಂತ ಪ್ರಿನ್ಸಿಪಾಲರಿಗೆ ನೋಟ್ ಬರೆದು ಕಳಿಸಿದ್ದೇನೆ. ಅಲ್ಲಿಯವರೆಗೆ ಎರಡು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ.